ತಲೆಹೊರೆಯ ಜೋಡುದೋಣಿ

ಕಾಪುವಿನಲ್ಲಿ ಮೀನು ಮಾರುವ ಸರಸಳ ತೂಕ ಮೂವತ್ತೆಂಟು ಕಿಲೊ. ಹಠವನ್ನು ಮಾತ್ರ ಯಾವ ತಕ್ಕಡಿಗೂ ಹಾಕುವಂತಿರಲಿಲ್ಲ. ಅಪ್ಪ ಕಿಟ್ಟ ಬದುಕಿದ್ದಾಗ ದೀಪಸ್ತಂಭದಾಚೆಯ ಬಂಡೆಗೆ ಕರೆದೊಯ್ದು, ಹಾಯಿ ಹಿಡಿಯುವುದನ್ನೂ ಚಿಪ್ಪುಮೀನು ಕೀಳುವುದನ್ನೂ ಕಲಿಸಿದ್ದ. ಅವನು ಹೋದ ಮೇಲೆ ಅವನ ದೋಣಿ ದಡದಲ್ಲೇ ಕುಳಿತಿತು. ಅದನ್ನು ನೀರಿಗೆ ತಳ್ಳಲು ನಾಲ್ಕು ಗಂಡಾಳು ಬೇಕು. ಎಂಬತ್ತನೇ ಇಸವಿಯ ಹೊತ್ತಿಗೆ ಗಂಡಾಳುಗಳೆಲ್ಲ ಮಲ್ಪೆಯ ಯಂತ್ರದೋಣಿ ಹತ್ತಿಯಾಗಿತ್ತು. ಎರಡು ವರ್ಷ ಸರಸ ಅವರಿವರನ್ನು "ಒಮ್ಮೆ ಬಂಡೆಗೆ ಬಿಡಿ ಮಾರಾಯ್ರೆ" ಎಂದು ಕೇಳಿಕೊಂಡಳು. "ನಾಳೆ ನೋಡುವ" ಎಂಬ ಮಾತು ಕೇಳಿ ಕೇಳಿ ರೋಸಿಹೋಯಿತು. ಇನ್ನು ಯಾರನ್ನೂ ಕೇಳದೆ ಕಡಲಿಗೆ ಹೋಗಬೇಕು, ಅಷ್ಟೇ.

ಬಡಗಿ ಲಿಗೋರಿಯ ಬಳಿ ಹೋದಳು. ಕ್ರೈಸ್ತನಾದ್ದರಿಂದ ಊರಿಗೆಲ್ಲ ಅವನು 'ಪೊರ್ಬುಗಳು'.

"ನನಗೊಂದು ದೋಣಿ ಬೇಕು ಪೊರ್ಬುಗಳೇ. ನಾನೊಬ್ಬಳೇ ಹೊರುವಂಥದ್ದು."

"ದೋಣಿ ಎಂತ ಮೀನಿನ ಬುಟ್ಟಿಯಾ ಸರಸಕ್ಕ?"

"ಹೌದು. ಬುಟ್ಟಿಯಷ್ಟೇ ಭಾರ ಇರಲಿ. ಒಂದರಲ್ಲಿ ಆಗದಿದ್ದರೆ ಎರಡು ಮಾಡಿ, ನಡುವೆ ಬಿದಿರು ಕಟ್ಟಿ. ದಡದಲ್ಲಿ ಬಿಚ್ಚಿ ಒಂದೊಂದೇ ಹೊರುತ್ತೇನೆ."

ಲಿಗೋರಿ ನಕ್ಕುಬಿಟ್ಟ. ಮರುದಿನ ನೋಡಿದರೆ ಅಂಗಳದಲ್ಲಿ ಇದ್ದಿಲಿನಿಂದ ಗೀಟು ಎಳೆಯುತ್ತ ಕುಳಿತಿದ್ದಾನೆ! ಹುಳ ಅವನ ತಲೆಗೂ ಹೊಕ್ಕಿತ್ತು.

ಮರದ ಹಲಗೆ ಭಾರ, ದುಬಾರಿ ಬೇರೆ. ಉಡುಪಿ ಕಡಿಯಾಳಿಯ ಹಯಗ್ರೀವ ಭಟ್ಟರ ಹೋಟೆಲಿನ ಹಿಂದೆ, ಚಹಾಪುಡಿ ತುಂಬಿ ಬರುವ ತೆಳು ಪ್ಲೈವುಡ್ ಪೆಟ್ಟಿಗೆಗಳು ಬಿದ್ದಿರುವುದನ್ನು ಸರಸ ಕಂಡಿದ್ದಳು. ಭಟ್ಟರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ, "ಎಲ್ಲ ತಗೊಂಡು ಹೋಗಮ್ಮ, ಬೇಗ ಹೋಗು" ಎಂದರು. ಬಿದಿರು ಕಾರ್ಕಳದಿಂದ ಬಸ್ಸಿನ ಮೇಲೆ ಬಂತು. ಲಿಗೋರಿ ಜೋಡಿಸಿದ್ದನ್ನೆಲ್ಲ ಸರಸ ತಲೆಯ ಮೇಲಿಟ್ಟು ಅಂಗಳ ಸುತ್ತುವಳು. "ಭಾರ" ಎಂದರೆ ಅವನು ಗೊಣಗುತ್ತ ಮತ್ತೊಂದು ಪಟ್ಟಿ ಕಿತ್ತು ತೆಗೆಯುವನು. ಕೊನೆಗೆ ನೀರು ಇಳಿಯದಂತೆ ಗೇರುಸಿಪ್ಪೆಯ ಎಣ್ಣೆ ಬಳಿದರು. ಹಾಯಿ ಮಾತ್ರ ಕಿಟ್ಟನದೇ. ಸತ್ತವನ ಹಾಯಿಗೆ ಕತ್ತರಿ ಹಾಕುವುದುಂಟೇ ಎಂದು ಲಿಗೋರಿ ಅದರ ಅಳತೆಗೇ ಕಂಬ ನಿಲ್ಲಿಸಿದ. ಸರಸಳಿಗೂ ಅದು ಸರಿ ಎನಿಸಿತು.

ಮೊದಲು ಲಿಗೋರಿಯೇ ಹತ್ತಿದ. ಎಂಬತ್ತು ಕಿಲೊ ಆಸಾಮಿ; ದೋಣಿ ಸೊಗಸಾಗಿ ಓಡಿತು. ಆಮೇಲೆ ಸರಸ ಹತ್ತಿದಳು. ಗಾಳಿ ಹಾಯಿಯನ್ನು ಹಿಡಿದು, ಒಂದು ಬದಿಯನ್ನು ಮೇಲೆತ್ತಿ, ಎಲ್ಲರೆದುರಿಗೇ ಅವಳನ್ನು ಮಗುಚಿ ಹಾಕಿತು.

ದಡದವರಿಗೇನು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಜೊತೆ ಮೀನು ಮಾರುವ ಪುಷ್ಪಾವತಿ, "ಎರಡು ಗೋಣಿ ಮರಳು ಹಾಕಿಕೊ ಮಾರಾಯ್ತಿ, ಆಗ ನಿಲ್ಲುತ್ತದೆ" ಎಂದಳು.

"ಅದು ಹೌದು, ನಿಮ್ಮ ಭಾರ ಸಾಲುವುದಿಲ್ಲ," ಎಂದ ಲಿಗೋರಿ.

ಸರಸ ಉಪ್ಪುನೀರು ಉಗಿದಳು. ಅವಮಾನಕ್ಕೆ ಕಣ್ಣು ಉರಿಯುತ್ತಿತ್ತು. "ಮರಳು ಹೊರಲಿಕ್ಕೆ ಪುನಃ ಗಂಡಸರನ್ನು ಕರೆಯಬೇಕಾ? ನಾನು ಇರುವುದೇ ಇಷ್ಟು ಪೊರ್ಬುಗಳೇ. ಆ ಹಾಯಿ ನನ್ನ ಅಪ್ಪನ ತೂಕದ್ದು."

ಲಿಗೋರಿ ಕತ್ತರಿ ಕೊಡಲು ಒಪ್ಪಲಿಲ್ಲ. ಅವಳು ಮೀನು ಕೊಯ್ಯುವ ಕತ್ತಿಯನ್ನೇ ತಂದಳು. ಅಪ್ಪ ಕೈಯಾರೆ ಹೊಲಿದ ಅಂಚಿಗೆ ಬಂದಾಗ ಕೈ ನಿಂತಿತು. ಅಳು ಬಂತು, ಅತ್ತಳು. ಅಳುತ್ತಲೇ ಮೂರರಲ್ಲೊಂದು ಪಾಲು ಕೊಯ್ದಳು. ಲಿಗೋರಿ ಕಂಬವನ್ನು ಗಿಡ್ಡ ಮಾಡಿ, ಎರಡು ದೋಣಿಗಳನ್ನು ಇನ್ನೊಂದು ಮೊಳ ದೂರಕ್ಕೆ ಸರಿಸಿ ಕಟ್ಟಿದ.

ಮೂರನೆಯ ದಿನ ಬೆಳಿಗ್ಗೆ ಸರಸ ಹೊರಟಳು. ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದ ಕಡಲಗಾಳಿ ಅವಳನ್ನು ಮರಳಿ ದಡ ಸೇರಿಸಿದಾಗ ಬುಟ್ಟಿಯ ತುಂಬ ಚಿಪ್ಪುಮೀನು. ಅವಳು ಬಿದಿರಿನ ಕಟ್ಟು ಬಿಚ್ಚುತ್ತಿರುವಾಗ ಪುಷ್ಪಾವತಿ ಓಡಿಬಂದು, "ಒಂದು ಬದಿ ಹಿಡಿಯಲಾ?" ಎಂದಳು.

"ಬೇಡ," ಎಂದಳು ಸರಸ. ಸೊಂಟದಿಂದ ಸಿಂಬೆ ತೆಗೆದು ತಲೆಗಿಟ್ಟು, ಒಂದು ದೋಣಿಯನ್ನು ಹೊತ್ತುಕೊಂಡು ಮರಳಿನ ದಿಬ್ಬ ಹತ್ತಿದಳು. ಅಪ್ಪನ ಹಾಯಿಯಿಂದ ಕೊಯ್ದು ತೆಗೆದ ತುಂಡನ್ನೇ ಸುತ್ತಿ ಅವಳು ಆ ಸಿಂಬೆ ಮಾಡಿಕೊಂಡಿದ್ದಳು.