ಸೈಕಲ್ ಅಂಗಡಿಯ ದಂಡನಾಯಕ

ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಸೊಸೆ ನನ್ನ ಕಾಫಿಗೆ ಕತ್ತರಿ ಹಾಕಿದ್ದಾಳೆ. ಮೊನ್ನೆ ಬೆಳಿಗ್ಗೆ ಹಾಲಿಲ್ಲದ ಚಹಾ ತಂದು ಕೈಗಿಟ್ಟಳು. ಬೈಯಲೆಂದು ಬಾಯಿ ತೆರೆದ ನಾನು, ಅದರ ಹಬೆ ಮೂಗಿಗೆ ಬಡಿದದ್ದೇ ಬೈಗುಳ ಮರೆತೆ. ಬೆಂದ ಎಲೆಯ ಆ ವಾಸನೆ... ಯಸಳೂರಿನ ಬಸ್ ನಿಲ್ದಾಣದ ಪಕ್ಕದ ಸೈಕಲ್ ಅಂಗಡಿ ಕಣ್ಣೆದುರು ಬಂದು ನಿಂತಿತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ಕಡೆಯ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ. ಸಂಜೆಯ ಸಕಲೇಶಪುರದ ಬಸ್ಸು ಹೇಳಿದ ಹೊತ್ತಿಗೆ ಬಂದದ್ದನ್ನು ನಾನಂತೂ ಕಾಣೆ. ಕಾಯುವಾಗ ಅಂಗಡಿಯವರು ಸ್ಟೂಲು ಒರೆಸಿ ಇಟ್ಟು, ತಮ್ಮ ಚಹಾದಲ್ಲೇ ಒಂದು ಲೋಟ ಕೊಡುತ್ತಿದ್ದರು. ಸೈನ್ಯದಲ್ಲಿದ್ದು, ಚೀನಾ ಯುದ್ಧದಲ್ಲಿ ಸೆರೆ ಸಿಕ್ಕಿ, ತಿಂಗಳುಗಟ್ಟಲೆ ಅಲ್ಲಿನ ಸೆರೆ ಶಿಬಿರದಲ್ಲಿದ್ದು, ಹಾಲಿಲ್ಲದ ಚಹಾದ ರೂಢಿ ಹಚ್ಚಿಕೊಂಡು ಬಂದವರು. ಕಾಫಿ ಬೆಳೆಯುವ ಊರಿನಲ್ಲಿ ಹಾಲಿಲ್ಲದ ಚಹಾ ಕುಡಿಯುವವನನ್ನು ಯಾರು ನಂಬುತ್ತಾರೆ? ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಚೀನಾ’ ಎನ್ನುತ್ತಿದ್ದರು. ಊರಿನ ಯಾವ ಸಭೆಗೂ ಕರೆಯುತ್ತಿರಲಿಲ್ಲ.

ಶಿಬಿರದಲ್ಲಿ ಹಿಂದಿ ಬಲ್ಲ ಚೀನೀಯನೊಬ್ಬ ಅವರಿಗೆ ಒಂದು ಕಥೆ ಹೇಳಿದ್ದನಂತೆ, ಸಾವಿರ ವರ್ಷಕ್ಕೂ ಹಿಂದಿನ ಚೀನಾದ ದಂಡನಾಯಕನದು. ಅದನ್ನು ಅವರು ನನಗೆ ಕಂತು ಕಂತಾಗಿ ಹೇಳಿದರು. ದಂಗೆಕೋರರು ರಾಜಧಾನಿ ಹಿಡಿದು ಚಕ್ರವರ್ತಿ ಓಡಿಹೋದಾಗ ಅದನ್ನು ಗೆದ್ದುಕೊಟ್ಟವನು ಅವನು. ಗೆದ್ದ ಮೇಲೆ ಚಾಡಿ ಮಾತು ಕೇಳಿ ಅದೇ ಅರಮನೆ ಅವನ ಅಧಿಕಾರ ಕಿತ್ತುಕೊಂಡಿತು. ಮತ್ತೆ ಶತ್ರು ಬಂದಾಗ ಕರೆಸಿತು. ಅವನು ಮುನಿಸಿಲ್ಲದೆ ಹೋದ. ಹೀಗೆ ಎಷ್ಟೋ ಸಲ... ಮುದುಕನಾದ ಮೇಲೆ ಕವಚ ಕಳಚಿ, ಬರಿಗೈಯಲ್ಲಿ ವೈರಿಗಳ ದಂಡಿನೊಳಕ್ಕೇ ಕುದುರೆ ನಡೆಸಿದನಂತೆ. ಅವರ ಮುಖಂಡರು ಗುರುತು ಹಿಡಿದು, ಕುದುರೆಯಿಂದಿಳಿದು ನಮಸ್ಕರಿಸಿದರಂತೆ. ಮಂತ್ರಿಯಾದಾಗ ಮನೆಯ ಬಾಗಿಲನ್ನು ತೆರೆದೇ ಇಡುತ್ತಿದ್ದನಂತೆ, ಒಳಗೇನು ನಡೆಯುತ್ತದೆಂದು ಯಾರು ಬೇಕಾದರೂ ನೋಡಲಿ ಎಂದು. ಪಂಕ್ಚರ್ ಹಾಕುತ್ತ ಅವರು ಮೆಲ್ಲಗೆ ಹೇಳುತ್ತಿದ್ದರೆ, ಮಂಜು ಇಳಿದ ರಸ್ತೆಯಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ನಡುವಿನಿಂದ ಬಿಳಿಗಡ್ಡದ ಆ ದಂಡನಾಯಕ ನಿಧಾನವಾಗಿ ಬರುತ್ತಿದ್ದಾನೆ ಎನ್ನಿಸುತ್ತಿತ್ತು. ಬಸ್ಸು ಬಂದರೆ ಬೇಸರವಾಗುತ್ತಿತ್ತು.

ಗಡಿಯಲ್ಲಿ ಕಾಳಗ ನಡೆದ ವರ್ಷ, ಸ್ವಾತಂತ್ರ್ಯ ದಿನದಂದು ಸೈನಿಕರೊಬ್ಬರು ಬಾವುಟ ಹಾರಿಸಲಿ ಎಂದುಕೊಂಡು ಅವರನ್ನು ಕರೆದೆ. ಅವರು ಕೈಯ ಗ್ರೀಸು ಒರೆಸಿಕೊಂಡು ಎದ್ದು ನಿಂತರು, ಅಷ್ಟೇ. ಮರುದಿನವೇ ಹೊಸ ಬಿಳಿ ಅಂಗಿ ಹೊಲಿಯಲು ಕೊಟ್ಟರೆಂದು ದರ್ಜಿ ಹೇಳಿದ.

ಬಾವುಟ ಹಾರಿಸುವ ಹಿಂದಿನ ದಿನ ಶಾಲಾ ಸಮಿತಿಯ ಯಜಮಾನರು ಬಂದರು.

“ಶತ್ರು ಕೈಗೆ ಸಿಕ್ಕಾಕ್ಕೊಂಡು ಬಂದೋನ್ ಕೈಲಿ ಬಾವುಟ ಹಾರಿಸ್ತೀರಾ ಮೇಡಂ? ಊರೋರು ನಗ್ತಾರೆ ಕಣ್ರೀ.”

ಶಾಲೆಗೆ ಹೆಂಚು ಹೊದಿಸಿಕೊಟ್ಟವರು ಅವರು. ನಾನು ಏನೋ ಗೊಣಗಿ ಒಪ್ಪಿಕೊಂಡೆ. ಅಂಗಡಿಗೆ ನಾನೇ ಹೋಗಿ ಹೇಳಲು ಮುಖವಿಲ್ಲದೆ, ಬಾವುಟ ಬೇರೆಯವರು ಹಾರಿಸುತ್ತಾರೆಂದು ಜವಾನನ ಕೈಲಿ ಹೇಳಿಕಳಿಸಿದೆ.

ಬೆಳಿಗ್ಗೆ ಅಂಗಡಿಯವರು ಬಂದಿದ್ದರು. ಗೇಟಿನ ಹೊರಗೆ, ಜಿನುಗು ಮಳೆಯಲ್ಲಿ, ಆ ಹೊಸ ಅಂಗಿ ತೊಟ್ಟು ನಿಂತಿದ್ದರು. ಬಾವುಟ ಬಿಚ್ಚಿಕೊಂಡಾಗ ಸೆಲ್ಯೂಟ್ ಹೊಡೆದವರು ಹಾಡು ಮುಗಿಯುವವರೆಗೂ ಕೈ ಇಳಿಸಲಿಲ್ಲ. ಮಕ್ಕಳಿಗೆ ಮಿಠಾಯಿ ಹಂಚಿ ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗಿದ್ದರು.

ಮರುವರ್ಷ ಸಮಿತಿ ಬದಲಾಯಿತು. ಈ ಸಲ ಯಾರು ಏನೆಂದರೂ ಸರಿ ಎಂದು ನಾನೇ ಅಂಗಡಿಗೆ ಹೋಗಿ ಕರೆದೆ. ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ.

“ಆ ದಂಡನಾಯಕ ದೊಡ್ಡೋನು ಮೇಡಂ. ಎಷ್ಟ್ ಸಲ ನೂಕಿದ್ರೂ ಕರೆದಾಗ ಹೋದ. ನಾನು ಅಷ್ಟು ದೊಡ್ಡೋನಲ್ಲ ಕಣ್ರೀ.”

ದನಿಯಲ್ಲಿ ಸಿಟ್ಟಿರಲಿಲ್ಲ. ಎಂದಿನಂತೆ ಚಹಾ ಕೊಟ್ಟರು. ಕಥೆ ಮಾತ್ರ ಮತ್ತೆ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ...

ಆಮೇಲೆ ನನಗೆ ಕುಂದೂರಿನ ಕಡೆ ವರ್ಗವಾಯಿತು. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಮದುವೆಮನೆಯೊಂದರಲ್ಲಿ, ಎಲೆಯ ಮುಂದೆ ಕೂತಾಗ. 

ಈಗ ನಿವೃತ್ತಿಯಾಗಿ ವರ್ಷಗಳಾದವು. ಸುಮ್ಮನೆ ಕೂತಾಗ ಯೋಚಿಸುತ್ತೇನೆ. ‘ಕರೆದಾಗಿದೆ, ಅವರೇ ಹಾರಿಸುತ್ತಾರೆ’ ಎಂದು ಆ ದಿನ ಸಮಿತಿಯ ಯಜಮಾನರಿಗೆ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಹೆಚ್ಚೆಂದರೆ ನಾಲ್ಕು ಮಾತು ಬೈಯುತ್ತಿದ್ದರು. ನಾನು ಅಷ್ಟಕ್ಕೆ ಹೆದರಿದೆ.