ಗ್ಯಾಸಿನ ತೊಟ್ಟಿ ಎಲ್ಲಿರಬೇಕು

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಹುಕ್ಕೇರಿಯ ನಮ್ಮ ಮನೆಗೆ ಹತ್ತಿರವೆಂದು ಗೋಕಾಕದ ಹೊಸ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದ್ದೆ. ಆ ಮಳೆಗಾಲದಲ್ಲಿ ಪ್ರಯೋಗಶಾಲೆಯ ಹಿಂದೆ ಗ್ಯಾಸ್ ಘಟಕ ಕಟ್ಟುತ್ತಿದ್ದರು. ಒಲೆಯ ಮೇಲೆ ಕಾದ ಕಬ್ಬಿಣದ ಕೊಳವೆಯೊಳಗೆ ಸೀಮೆಎಣ್ಣೆ ಹನಿಸಿದರೆ ಗ್ಯಾಸ್ ಆಗುತ್ತದೆ. ಅದು ನೀರಿನ ತೊಟ್ಟಿಯಲ್ಲಿ ಬೋರಲಾಗಿ ತೇಲುವ ದೊಡ್ಡ ಡ್ರಮ್ಮಿನಲ್ಲಿ ತುಂಬಿಕೊಳ್ಳುತ್ತದೆ. ಮೂಡಲಗಿಯ ಮಿಸ್ತ್ರಿ ತೊಟ್ಟಿಯ ಗುಂಡಿಯನ್ನು ಒಲೆಗೆ ಅಂಟಿಕೊಂಡಂತೆ ಪಶ್ಚಿಮಕ್ಕೇ ತೋಡಿಸಿದ್ದ. ಡ್ರಮ್ಮು ಸೋರಿದರೆ ಪಡುವಣ ಗಾಳಿ ಗ್ಯಾಸನ್ನು ನೇರ ಬೆಂಕಿಗೆ ಒಯ್ಯುತ್ತಿತ್ತು. ಗೋಡೆಯಾಚೆ ವಿದ್ಯಾರ್ಥಿಗಳು.

ಹೇಳಿದರೆ ಮಿಸ್ತ್ರಿ ನಕ್ಕ. "ಅಕ್ಕಾರ, ಗಾಳಿ ನಿಮ್ಮ ಪುಸ್ತಕ ಓದಿ ಬೀಸತೈತೇನ್ರಿ?"

ಗಾಳಿಯ ದಿಕ್ಕು ನೋಡಲು ಹಿತ್ತಲಿನ ಮೂಲೆಗಳಲ್ಲಿ ಗೂಟ ನೆಟ್ಟು, ಹಳೆಯ ಸೀರೆಯ ಪಟ್ಟಿ ಕಟ್ಟಿದೆ. ಮರುದಿನ ಪಟ್ಟಿಗಳಿರಲಿಲ್ಲ. ಮತ್ತೆ ಕಟ್ಟಿದೆ, ಮತ್ತೆ ಮಾಯ. ಮಿಸ್ತ್ರಿಯದೇ ಕೆಲಸ ಎಂಬ ಗುಮಾನಿಯಿಂದ ಒಂದು ಬೆಳಿಗ್ಗೆ ಬೇಗ ಹೋದೆ. ಕಾವಲುಗಾರನ ಹೆಂಡತಿ ಪಟ್ಟಿಗಳಿಗೆ ಕೈ ತಾಗಿಸದೆ, ಕೋಲಿನಿಂದ ಎತ್ತಿ ಬೇಲಿಯಾಚೆ ಎಸೆಯುತ್ತಿದ್ದಳು.

"ಏನ್ ಮಾಡಾಕತ್ತೀರಿ?"

"ನೀವು ಮಾಡಿದ್ದನ್ನ ತಗ್ಯಾಕತ್ತೇನ್ರಿ. ಮೂಲಿಮೂಲಿಗೆ ಅರಿವಿ ಕಟ್ಟೂದು ಮಾಟಾ ಅಲ್ಲದ ಮತ್ತೇನ್ರಿ? ಮನ್ಯಾಗ ಸಣ್ಣ ಕೂಸೈತಿ ನಂದು."

"ಗಾಳಿ ನೋಡಾಕ ಕಟ್ಟೇನಿ."

"ಗಾಳಿ ನೋಡಾಕ ಅರಿವಿ ಯಾಕ ಬೇಕ್ರಿ? ಮಾರಿಗೆ ಬಡಿಯೂದಿಲ್ಲೇನು?"

"ಮಾಟಾ ಅಂತ ಯಾರು ಹೇಳಿದ್ರು?"

"ಮಿಸ್ತ್ರಿ ಹೇಳಿದ್ರು. ಅವರಿಗ್ಯಾಕ ಸುಳ್ಳು ಬೇಕ್ರಿ?"

ಯಾಕೆಂದು ನನಗೆ ಹೊಳೆಯಿತು. ಒಲೆಯ ಬದಿಗೆ ಮೆತ್ತನೆಯ ಮಣ್ಣು. ಹಿತ್ತಲಿನ ಉತ್ತರದ ತುದಿ ಬರೀ ಬಂಡೆ; ತೊಟ್ಟಿ ಅಲ್ಲಿಗೆ ಸರಿದರೆ ಅವನು ಕಲ್ಲು ಒಡೆಸಬೇಕಿತ್ತು. ಪಟ್ಟಿ ಕಟ್ಟುವುದನ್ನು ಬಿಟ್ಟೆ.

ಆಡಳಿತ ಮಂಡಳಿಯ ಹಿರಿಯರೊಬ್ಬರು ಕೆಲಸ ನೋಡಲು ಬಂದ ದಿನ, ಖಾಲಿ ಗುಂಡಿಯಲ್ಲಿ ಅರೆ ಒಣಗಿದ ಸಗಣಿಯ ಕುಳ್ಳು ಹೊತ್ತಿಸಿದೆ. ಹೊಗೆ ನೆಟ್ಟಗೆ ಒಲೆಯ ಬಾಯಿಗೆ ನಡೆಯಿತು. ಅಲ್ಲಿ ಇಟ್ಟಿಗೆ ಇಡುತ್ತಿದ್ದ ಮಿಸ್ತ್ರಿ ಕೆಮ್ಮುತ್ತ ಎದ್ದ.

"ಇದು ಇವತ್ತಿನ ಗಾಳಿರಿ ಧಣ್ಯಾರ. ಚಳಿಗಾಲಕ್ಕ ಮೂಡಗಾಳಿ ತಿರಗತೈತಿ," ಎಂದ.

"ಅದಕ್ಕ ಪೂರ್ವಾನೂ ಬ್ಯಾಡ, ಪಶ್ಚಿಮಾನೂ ಬ್ಯಾಡ್ರಿ," ಎಂದೆ. "ಒಲಿ ದಕ್ಷಿಣಕ್ಕ ಇಲ್ಲೇ ಇರಲಿ. ತೊಟ್ಟಿ ಉತ್ತರದ ತುದಿಗೆ ಹೋಗಲಿ."

ಹಿರಿಯರು ನನ್ನನ್ನು ಅಳೆಯುವಂತೆ ನೋಡಿದರು. "ತಂಗಿ, ಹಿಂಗ ಹೇಳಂತ ನಿನ್ನ ಯಾರರ ಕಳಿಸ್ಯಾರೇನು?" ಬೇರೆ ಗುತ್ತಿಗೆದಾರನ ಕಡೆಯವಳೆಂದು ಅವರ ಸಂಶಯ.

"ಯಾರೂ ಇಲ್ರಿ."

ನಂಬಿದರೋ ಇಲ್ಲವೋ, ಇಂದಿಗೂ ತಿಳಿಯದು. ಹೊಗೆಗೆ ನೀರಾಡಿದ ಕಣ್ಣೊರೆಸಿಕೊಂಡು, "ಅತ್ತಾಗ ಕಲ್ಲ ಒಡಸೋ ಮಿಸ್ತ್ರಿ," ಎಂದರು.

ಬಂಡೆ ಒಡೆಯುವಷ್ಟು ದಿನವೂ ಪಾಠ ಮುಗಿದ ಮೇಲೆ ಹೋಗಿ ನಿಲ್ಲುತ್ತಿದ್ದೆ. ಗುರುತು ಹಾಕಿದ ಗೂಟ ಒಲೆಯ ಕಡೆಗೆ ಸರಿದಿದೆಯೇನೋ ಎಂದು ಟೇಪು ಹಿಡಿದು ಅಳೆಯುತ್ತಿದ್ದೆ. ತೊಟ್ಟಿಯ ಗೋಡೆ ಎದ್ದಿತು.

"ಈಗರ ನಂಬಿಕಿ ಬಂತೇನ್ರಿ ಅಕ್ಕಾರ?" ಮಿಸ್ತ್ರಿ ಕೇಳಿದ.

"ನೀರು ತುಂಬಲಿ," ಎಂದೆ. "ಸೋರತೈತೋ ಇಲ್ಲೋ ನೋಡೂಣು."