ಶಿಲೇರ್ ಅರಳುವ ಹನ್ನೆರಡು ದಿನ

ಪ್ರತಿ ವಸಂತದಲ್ಲೂ ಬೆರ್ದೆಸ್ಪಿಯ ಓಕ್ ಕಾಡು ಗೋಣಿಚೀಲದಲ್ಲಿ ತುಂಬಿಕೊಂಡು ಸುಲೈಮಾನಿಯಾ ಪೇಟೆಗೆ, ಖಾವರ್‌ಳ ಅಡುಗೆಮನೆಗೆ ಬಂದು ಬೀಳುತ್ತಿತ್ತು. ಮೊದಲು ಮೈಯೆಲ್ಲ ಮುಳ್ಳಿನ ಕಂಗರ್, ಅದರ ಬೆನ್ನಿಗೇ ಕರ್ದಿ ಸೊಪ್ಪು, ಕೊನೆಗೆ ಹುಳಿದಂಟು. ಮೈದುನರು ಬೆಟ್ಟದಲ್ಲಿ ಕುಣಿದು, ಕಬಾಬು ತಿಂದು, ಚೀಲವನ್ನು ಬಾಗಿಲಲ್ಲಿಳಿಸಿ, "ಅತ್ತಿಗೆ, ನಿಮ್ಮ ತವರಿನ ಉಡುಗೊರೆ!" ಎಂದು ನಗುತ್ತಿದ್ದರು. ಉಡುಗೊರೆಯ ಮುಳ್ಳು ಬಿಡಿಸಲು ಒಂದು ದಿನ, ತೊಳೆಯಲು ಒಂದು ದಿನ, ಬೇಯಿಸಿ ಒಣಹಾಕಲು ಇನ್ನೊಂದು. ಉಗುರಿನ ಸಂದಿಯಲ್ಲಿ ಉಳಿದ ಮುಳ್ಳನ್ನು ಅವಳು ದೀಪದ ಕೆಳಗೆ ಸೂಜಿಯಲ್ಲಿ ತೆಗೆದುಕೊಳ್ಳುತ್ತಿದ್ದಳು.

ಕಾಡು ಹೀಗೆ ನಲವತ್ತೊಂದು ಸಲ ಅವಳ ಬಳಿಗೆ ಬಂದಿತ್ತು. ಅವಳು ಮಾತ್ರ ವಸಂತದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

ಸಾವಿಗೆ, ಮದುವೆಗೆ ಹೋಗಿದ್ದುಂಟು. ಆದರೆ ಸಾವು, ಮದುವೆಗಳು ಶಿಲೇರ್ ಹೂ ಅರಳುವ ಕಾಲ ನೋಡಿಕೊಂಡು ಬರುವುದಿಲ್ಲ. ಬೆರ್ದೆಸ್ಪಿಯ ಸುಣ್ಣಕಲ್ಲು ಮಳೆಗೆ ಕರಗಿ ತೂತುತೂತಾದ ಕಲ್ಲು. ಆ ತೂತುಗಳಲ್ಲಿ ಹಿಡಿಯಷ್ಟು ಕೆಂಪು ಮಣ್ಣು. ಮಣ್ಣಿದ್ದಲ್ಲೆಲ್ಲ ಬೇರಿಳಿಸಿ ನಿಂತ ಕುಳ್ಳ ಓಕ್ ಮರಗಳು. ಮರದ ನೆರಳಲ್ಲಿ ಕಾಡುಬೆಳ್ಳುಳ್ಳಿ, ಕರ್ದಿ, ಹೆಸರೇ ಇಲ್ಲದ ನೀಲಿ ಹೂಗಳು. ಒಂದೇ ಒಂದು ತಗ್ಗಿನಲ್ಲಿ ಶಿಲೇರ್: ಸೊಂಟದೆತ್ತರದ ದಂಟಿನ ತುದಿಗೆ ತಲೆಕೆಳಗಾಗಿ ತೂಗುವ ಕೆಂಪು ಗಂಟೆಗಳ ಗೊಂಚಲು. ವರ್ಷಕ್ಕೆ ಹನ್ನೆರಡು ದಿನ, ಅಷ್ಟೇ. ಖಾವರ್ ಮತ್ತು ಅವಳ ಗೆಳತಿ ರಾಬೆ ಹುಡುಗಿಯರಾಗಿದ್ದಾಗ ಅದರ ಕೆಳಗೆ ಅಂಗಾತ ಮಲಗಿ, ಹೂವಿನೊಳಗೆ ಬೀಳದೆ ನಿಂತ ನೀರಹನಿಗಳನ್ನು ಎಣಿಸುತ್ತಿದ್ದರು.

ಮದುವೆಯಾದ ವರ್ಷ ಆ ಹನ್ನೆರಡು ದಿನಗಳಲ್ಲಿ ಅವಳಿಗೆ ವಾಂತಿ. ಮರುವರ್ಷ ಕೈಗೂಸು ಹೀವಾ. ಒಂದು ವಸಂತ ಸೈನ್ಯಕ್ಕೆ ಹೆದರಿ ಊರಿಗೆ ಊರೇ ಗಡಿಯತ್ತ ಓಡಿತ್ತು. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆರು ವಸಂತ ಅವರ ಮಗ್ಗುಲು ಬದಲಿಸುವುದರಲ್ಲೇ ಕಳೆಯಿತು. ಆಮೇಲೆ ಮೊಮ್ಮಕ್ಕಳು.

ಈ ವರ್ಷ ಬೆರ್ದೆಸ್ಪಿಯಿಂದ ರಾಬೆಯ ಫೋನ್ ಬಂತು.

"ಶಿಲೇರ್ ಬಿಟ್ಟು ಎಂಟು ದಿನ ಆಯ್ತು ಕಣೇ. ಕಲ್ಲು ಒಡೆಯೋ ಮಿಷನ್ನು ಈಚೆ ದಿಬ್ಬಕ್ಕೆ ಬಂದಿದೆ. ಬರೋ ವರ್ಷ ತಗ್ಗೇ ಇರಲ್ಲ. ನೋಡೋದಾದ್ರೆ ಈಗ ನೋಡು, ಆಮೇಲೆ ನನ್ನ ಮುಂದೆ ಅಳಬೇಡ."

"ನಾಳೆ ಬೆಳಿಗ್ಗೆಯೇ ಬರ್ತೀನಿ," ಎಂದಳು ಖಾವರ್.

ಬೆಳಿಗ್ಗೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಕರ್ದಿ ಚೀಲ ಬಂತು. ಗಂಡ ಫತ್ತಾಹ್ ಟೀ ಲೋಟದಿಂದ ತಲೆಯೆತ್ತಿದ.

"ಹೂ ನೋಡೋಕೆ ಅಷ್ಟು ದೂರಾನಾ, ಹೀವಾನ ಅಮ್ಮ? ಸೊಪ್ಪು ಬಾಡಿ ಹೋಗುತ್ತೆ."

"ನೀವು ಹೋಗಿ ಅತ್ತೆ, ನಾನು ಬೇಯಿಸ್ತೀನಿ," ಎಂದಳು ಸೊಸೆ ತ್ರೀಫೆ.

"ಹೋದ ಸಲ ನೀನು ಬೇಯಿಸಿದ್ದಕ್ಕೆ ಇಡೀ ಮನೆ ಕತ್ತೆ ಥರ ಕೆಮ್ತು," ಎಂದ ಫತ್ತಾಹ್.

ಕರ್ದಿ ಕೆಸುವಿನ ಕುಲದ್ದು. ಎರಡು ನೀರು ಚೆಲ್ಲಿ, ಸುಮಾಕ್ ಹುಳಿ ಸಾಕಷ್ಟು ಹಿಂಡದಿದ್ದರೆ ಗಂಟಲಿನಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತದೆ. ಖಾವರ್ ಚಪ್ಪಲಿ ಬಿಟ್ಟಳು. ಇದೊಂದು ಚೀಲ ಮುಗಿಸಿಬಿಡೋಣ ಎಂದುಕೊಂಡಳು. ಯಾರೂ ಅವಳನ್ನು ತಡೆದಿರಲಿಲ್ಲ. ತಡೆದದ್ದು ಅವಳ ಕೈಗಳೇ. ಚೀಲ ಮುಗಿಯಲು ಮೂರು ದಿನ ಹಿಡಿಯಿತು. ಕೊನೆಯ ಎರಡು ದಿನ ದಕ್ಷಿಣದ ಬಿಸಿಗಾಳಿ ಬೀಸಿತು.

ಅವಳು ಬೆರ್ದೆಸ್ಪಿ ಮುಟ್ಟಿದಾಗ ತಗ್ಗಿನಲ್ಲಿ ದಂಟುಗಳಷ್ಟೇ ನಿಂತಿದ್ದವು. ಕಂದಿದ ಎಸಳು ಕಲ್ಲಿನ ತೂತುಗಳಲ್ಲಿ ಉದುರಿ ಬಿದ್ದಿತ್ತು. ಖಾವರ್ ಒಂದನ್ನು ಎತ್ತಿಕೊಂಡಳು. ಅದು ಬೆರಳಿಗೆ ಹಪ್ಪಳದ ಹಾಗೆ ಪುಡಿಯಾಯಿತು.

"ಸೊಪ್ಪಿಗೆ ಹುಳಿ ಸರಿಯಾಯ್ತಾ?" ಎಂದಳು ರಾಬೆ. ತಡವಾದ ಕಾರಣವನ್ನು ಫೋನಿನಲ್ಲೇ ಕೇಳಿದ್ದ ಅವಳಿಗೆ ಸಿಟ್ಟು ಬಂದಿತ್ತು.

"ಸರಿಯಾಯ್ತು."

"ಎಲ್ಲರೂ ತಿಂದು ಹೊಗಳಿರಬೇಕಲ್ಲ?"

"ಯಾರೂ ಏನೂ ಹೇಳ್ಲಿಲ್ಲ ರಾಬೆ. ಚೆನ್ನಾಗಿದ್ರೆ ಯಾರು ಹೇಳ್ತಾರೆ?"

ರಾಬೆ ತಲೆವಸ್ತ್ರ ಬಿಗಿದುಕೊಂಡು ಮೇಲಿನ ಬಂಡೆಯತ್ತ ಕೈ ತೋರಿಸಿದಳು. "ಆ ಬಂಡೆ ಹಿಂದೆ ಹಿಮ ತಡವಾಗಿ ಕರಗುತ್ತೆ. ಅಲ್ಲಿ ಹೋದ ವರ್ಷ ನಾಲ್ಕು ಗಿಡ ಇದ್ವು. ನಿನ್ನ ಮಂಡಿ ಹತ್ತುತ್ತಾ?"

ಮಂಡಿ ಹತ್ತಿತು, ನಾಲ್ಕು ಕಡೆ ಕೂತು, ಒಂದು ಕಡೆ ಬೈದುಕೊಂಡು. ಬಂಡೆಯ ನೆರಳಲ್ಲಿ, ಮುದಿ ಓಕ್ ಒಂದರ ಬುಡದಲ್ಲಿ ಮೂರು ಗಿಡಗಳಿದ್ದವು. ಮೂರರಲ್ಲೂ ಮೊಗ್ಗು. ಬಿಗಿಯಾದ ಹಸಿರು ಮೊಗ್ಗು, ತುದಿಯಲ್ಲಿ ಕೆಂಪು ಈಗಷ್ಟೇ ಇಣುಕುತ್ತಿತ್ತು.

"ಇನ್ನೂ ನಾಲ್ಕು ದಿನ ಬೇಕು," ಎಂದಳು ರಾಬೆ. "ಐದೂ ಆಗಬಹುದು."

ಅಷ್ಟರಲ್ಲಿ ಫತ್ತಾಹ್‌ನ ಫೋನ್ ಬಂತು.

"ಎಲ್ಲಿದ್ದೀಯ? ಸಂಜೆಗೆ ತಮ್ಮಂದಿರು ಬರ್ತಾರೆ. ಮತ್ತೆ ಕಂಗರ್ ತರ್ತಿದ್ದಾರೆ, ಎರಡು ಚೀಲ."

"ಬಿಡಿಸಿಡೋಕೆ ಹೇಳಿ."

"ಯಾರಿಗೆ?"

"ಕಿತ್ತು ತಂದವರಿಗೆ. ನಾನು ಐದು ದಿನ ರಾಬೆ ಮನೇಲಿರ್ತೀನಿ."

"ಐದು ದಿನ! ಅಲ್ಲೇನು ಕೆಲಸ ನಿನಗೆ?"

"ಇಲ್ಲಿ ಏನೂ ಕೆಲಸ ಇಲ್ಲ, ಹೀವಾನ ಅಪ್ಪ."

ಅವಳು ಫೋನನ್ನು ಜೇಬಿಗೆ ಹಾಕಿದಳು. ಕೆಳಗೆ ದಿಬ್ಬದ ಆಚೆ ಕಲ್ಲು ಒಡೆಯುವ ಸದ್ದು ಶುರುವಾಗಿ, ಓಕ್ ಎಲೆಗಳ ಮೇಲೆ ಬಿಳಿ ಧೂಳು ಮೆಲ್ಲಗೆ ಕೂರತೊಡಗಿತು. ಖಾವರ್ ಮೊಗ್ಗಿನ ಮೇಲಿನ ಧೂಳನ್ನು ಉಸಿರಿನಿಂದ ಊದಿ, ಇನ್ನಷ್ಟು ಹತ್ತಿರ ಸರಿದು ಕೂತಳು.